ವರ್ನಾಗೆ ಶಾಂತಿಯಿಲ್ಲ

"ಯಾರದು, ನನ್ನ ಮೇಜಿನ ಕೆಳಗೆ?"

ಮೇಜಿನಡಿಯಿಂದ ಚಾಚಿಕೊಂಡಿದ್ದ ಎರಡು ಕಾಲು ಮಾತ್ರ ಕಂಡವು. ಕೆಸರು ಮೆತ್ತಿದ ಬೂಟು. ಪಕ್ಕದಲ್ಲೊಂದು ಹುಲ್ಲಿನ ಟೋಪಿ.

ವರ್ನಾ ಕೀಮ್ ತಲೆಯೆತ್ತಿ ಕಂಪ್ಯೂಟರ್ ಪರದೆ ನೋಡಿದಳು. ಕಪ್ಪು! ಬೆಳಗಿನಿಂದ ಬೆನ್ನು ಬಗ್ಗಿಸಿ ಕೂತು ತುಂಬಿಸಿದ ಆರ್ಡರುಗಳು... ಓಕ್ ಮೇಜು, ಚೆರ್ರಿ ಮೇಜು, ಆರಾರು ಕುರ್ಚಿಗಳ ಸೆಟ್ಟು... ಒಂದೂ ಇಲ್ಲ.

ಮೈಯೆಲ್ಲ ಉರಿದುಹೋಯಿತು ಅವಳಿಗೆ. ಹಿಂದೆಮುಂದೆ ನೋಡದೆ ಆ ಬೂಟಿಗೆ ಒಂದು ಒದೆ ಕೊಟ್ಟಳು.

"ಅಯ್ಯಪ್ಪಾ!" ಮೇಜಿಗೆ ತಲೆ ಬಡಿದ ಸದ್ದು. ಆಮೇಲೆ ನಿಧಾನವಾಗಿ ಒಂದು ಮುಖ ಹೊರಗೆ ಬಂತು. ಮರದ ಪುಡಿ ಹತ್ತಿದ ಹುಬ್ಬು. ಬೋಳಿಸಿದ ಗಲ್ಲ. ಊರ ಕರೆಂಟು, ಕಾರು ಒಲ್ಲದ ಆಮಿಶ್ ಜನದಲ್ಲಿ ಗಂಡಸರು ಗಡ್ಡ ಬಿಡುವುದು ಮದುವೆಯಾದ ಮೇಲೆ. ಅಂದರೆ ಇನ್ನೂ ಮದುವೆಯಾಗದವನು.

"ಬ್ಯಾಟರಿ ತಂತಿ ಸಡಿಲ ಆಗಿತ್ತು. ಬಿಗಿ ಮಾಡೋಣ ಅಂತ..."

"ಬಿಗಿ ಮಾಡೋಕೆ ನಿಮಗ್ಯಾರು ಹೇಳಿದ್ದು? ನನ್ನ ಬೆಳಗೆಲ್ಲಾ ನುಂಗಿ ನೀರು ಕುಡಿದ್ರಲ್ಲ!"

"ನಿಮ್ಮಣ್ಣ ರೋಮನ್ ಕರೆಸಿದ್ದು. ನಾನು ಆಟ್ಲಿ. ಆಟ್ಲಿ ಶ್ಲಾಬಾಕ್."

"ನೀವು ಯಾರಾದ್ರೂ ಆಗಿ! ಈ ಮೇಜು ರೋಮನ್‌ದಲ್ಲ, ನನ್ನದು."

ಅವನು ತಲೆ ಉಜ್ಜಿಕೊಳ್ಳುತ್ತಾ ಎದ್ದು ನಿಂತ. ನಗಲಿಲ್ಲ. ಆದರೆ ಕಣ್ಣಲ್ಲಿ ಏನೋ ಮಿನುಗಿತು. "ತಪ್ಪಾಯ್ತು. ನಾನು ಓದಿ ಹೇಳ್ತೀನಿ, ನೀವು ಮತ್ತೆ ತುಂಬ್ಸಿ. ಬೇಗ ಮುಗಿಯುತ್ತೆ."

*ಹೆಂಗಸರ ಬೈಗುಳಕ್ಕೆ ಹೀಗೆ ತಪ್ಪು ಒಪ್ಪಿಕೊಳ್ಳೋ ಗಂಡಸೂ ಹೋಮ್ಸ್ ಕೌಂಟಿಯಲ್ಲಿ ಇದ್ದಾನಾ!* ವರ್ನಾಗೆ ಆಶ್ಚರ್ಯವಾಯಿತು. ಆಶ್ಚರ್ಯವಾಗಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ವಿಷಯ ಏನಪ್ಪಾ ಅಂದರೆ, ಕೀಮ್ ಅವರ ಊಟದ ಮೇಜುಗಳಿಗೆ ಹೆಸರು ಬಂದುಬಿಟ್ಟಿತ್ತು. ಅಪ್ಪನ ಕಾಲದಲ್ಲಿ ಒಂದೇ ಶೆಡ್ಡು, ನಾಲ್ಕು ಜನ. ಈಗ ಅಣ್ಣ ರೋಮನ್ ರಸ್ತೆಯ ಆಚೆ ಇನ್ನೊಂದು ಶೆಡ್ಡು ಎಬ್ಬಿಸಿದ್ದ. ದೂರದ ಊರುಗಳ ಇಂಗ್ಲಿಷ್ ಅಂಗಡಿಯವರು (ಆಮಿಶ್ ಜನಕ್ಕೆ ಹೊರಗಿನವರೆಲ್ಲಾ ಇಂಗ್ಲಿಷರೇ) ದಿನಾ ಫೋನ್ ಮಾಡುತ್ತಿದ್ದರು. "ನಮ್ಮ ಮೇಜು ಎಲ್ಲಿಗೆ ಬಂತು? ಬಣ್ಣ ಆಯ್ತಾ? ಲಾರಿ ಹೊರಡ್ತಾ?"

ಉತ್ತರ ಗೊತ್ತಿದ್ದದ್ದು ವರ್ನಾಗೆ ಒಬ್ಬಳಿಗೇ. ಅವಳ ಮೇಜಿನ ಮೇಲಿನ ಹಳೇ ಯಂತ್ರದಲ್ಲಿ ಅರ್ಧ, ಅವಳ ತಲೆಯಲ್ಲಿ ಇನ್ನರ್ಧ.

ಇಂಥ ಅಂಗಡಿಗಳಿಗೆ ತಂತಿ ಎಳೆದು, ಬ್ಯಾಟರಿ ಕೂರಿಸಿ, ಕಂಪ್ಯೂಟರ್ ಜೋಡಿಸಿಕೊಡುವುದೇ ಆಟ್ಲಿಯ ಕಸುಬು. ಇಂಡಿಯಾನಾದಿಂದ ಆಗಷ್ಟೇ ಬಂದು ಇದೇ ಚರ್ಚ್ ಸಭೆ ಸೇರಿದ್ದ. ಬಿಷಪ್ ಮೆಲ್ವಿನ್ ರೇಬರ್ ಮೊದಲೇ ಹೇಳಿಬಿಟ್ಟಿದ್ದರು: "ಯಂತ್ರ ಮನೇಲಿಟ್ಕೊಳ್ಳಿ, ಬಾಡಿಗೆಗೆ ತಗೊಳ್ಳಿ, ನನ್ನ ಅಡ್ಡಿಯಿಲ್ಲ. ಪರದೆ ಮೇಲೆ ಆರ್ಡರ್ ಬಿಟ್ಟು ಬೇರೆ ಪ್ರಪಂಚ ಕಾಣಬಾರದು, ಅಷ್ಟೇ."

ಹಾಗಾಗಿ ಉಳಿದದ್ದು ಒಂದೇ ಪ್ರಶ್ನೆ. ಸ್ವಂತ ಸರ್ವರ್ ಕೂರಿಸಿ ಎರಡು ಶೆಡ್ಡಿಗೂ ತಮ್ಮದೇ ತಂತಿ ಎಳೆಯುವುದಾ? ಇಲ್ಲಾ ಪೇಟೆಯ ಕಂಪನಿಯ ಕ್ಲೌಡಿನಲ್ಲಿ ಬಾಡಿಗೆಗೆ ಜಾಗ ಹಿಡಿಯುವುದಾ?

"ಸ್ವಂತದ್ದು ಅಂದ್ರೆ ಸ್ವಂತ ಕುದುರೆ ಇದ್ದ ಹಾಗೆ," ಆಟ್ಲಿ ಒಂದು ಮಧ್ಯಾಹ್ನ ಹೇಳಿದ. ಅಷ್ಟು ಹೊತ್ತಿಗೆ ಅವನು ದಿನಾ ಬರುವುದು, ಅಳತೆ ತೆಗೆಯುವುದು, ಇಬ್ಬರೂ ಬೊಲೋನಾ ಸಾಸೇಜು, ಸ್ವಿಸ್ ಚೀಸು ಹಂಚಿಕೊಂಡು ತಿನ್ನುವುದು ಅಭ್ಯಾಸವಾಗಿತ್ತು. "ಬೇಕಾದಾಗ ಹೂಡ್ಬಹುದು. ಹೊರಗಿನ ಲೈನು ಸತ್ರೂ ಕೆಲಸ ನಿಲ್ಲಲ್ಲ. ನಮ್ಮ ಲೆಕ್ಕ ನಮ್ಮ ಸೂರಿನ ಕೆಳಗೇ ಇರುತ್ತೆ. ಆದ್ರೆ ಹುಲ್ಲು ಹಾಕೋರು ಮನೇಲೇ ಇರಬೇಕು."

"ಬಾಡಿಗೇದು?"

"ಬಾಡಿಗೆ ವ್ಯಾನ್ ಇದ್ದ ಹಾಗೆ. ಗಾಡಿ ಅವರದು, ರಿಪೇರಿ ಅವರದು. ಹತ್ತು ಜನ ಹೆಚ್ಚಾದ್ರೆ ದೊಡ್ಡ ಗಾಡಿ ತರ್ತಾರೆ. ಆದ್ರೆ ತಿಂಗಳು ತಿಂಗಳು ಕೊಡ್ತಾನೇ ಇರಬೇಕು. ಲೈನ್ ಹೋಯ್ತೋ, ಅದು ಬರೋವರೆಗೂ ಕಾಯ್ಬೇಕು."

"ಇಲ್ಲಿ ಮರದ ಪುಡಿ ಬೇರೆ. ಈ ಹಳೇ ಡಬ್ಬದ ಫ್ಯಾನು ವಾರಕ್ಕೊಂದ್ಸಲ ಕೆಮ್ಮುತ್ತೆ. ಬಿಚ್ಚಿ ಊದೋಳು ನಾನು. ಸಂಜೆ ಎಲ್ಲದಕ್ಕೂ ನಕಲು ತೆಗೆಯೋಳೂ ನಾನು."

ಆಟ್ಲಿ ತಿನ್ನುವುದು ನಿಲ್ಲಿಸಿದ. "ನೀವು ಈ ಕುರ್ಚಿ ಬಿಟ್ಟು ಎಲ್ಲಾದ್ರೂ ಹೋಗಿ ಎಷ್ಟು ದಿನ ಆಯ್ತು?"

ಅವಳು ಲೆಕ್ಕ ಹಾಕಿದಳು. ಕೆಂಟಕಿಯಲ್ಲಿರುವ ತಂಗಿ ಕ್ಲಾರಾಗೆ ಮೊದಲ ಮಗು ಹುಟ್ಟಿದಾಗ ಹೋಗಬೇಕಿತ್ತು. ಆರ್ಡರ್ ಜಾಸ್ತಿ ಇತ್ತು. ಎರಡನೆಯದು ಹುಟ್ಟಿದಾಗಲೂ ಜಾಸ್ತಿಯೇ ಇತ್ತು. ಈಗ ಮೂರನೆಯದು ತೊಟ್ಟಿಲಲ್ಲಿದೆ... ಅದರ ಮುಖವನ್ನೂ ಅವಳು ನೋಡಿಲ್ಲ.

"ನಾನೆಲ್ಲಿಗೆ ಹೋಗ್ಲಿ?" ಅಂದು ನಕ್ಕಳು. ಆ ನಗುವಿಗೆ ಅವನು ನಗಲಿಲ್ಲ.

ಆ ರಾತ್ರಿ ದೀಪ ಆರಿಸುವಾಗ ಅವಳು ಮೊದಲ ಸಲ ಅಂದುಕೊಂಡಳು... *ಇಷ್ಟು ವರ್ಷದಲ್ಲಿ ಒಬ್ಬನಾದರೂ ಕೇಳಿದನಲ್ಲ!*

ಅದೇ ವಾರದ ಕೊನೆಗೆ ಎಲ್ಲಾ ತಲೆಕೆಳಗಾಯಿತು.

ರೋಮನ್ ಬಾಗಿಲಲ್ಲಿ ನಿಂತು, ಗಡ್ಡ ನೀವಿಕೊಳ್ಳುತ್ತಾ, ಲಾಟರಿ ಹೊಡೆದವನ ಹಾಗೆ ಹೇಳಿದ. "ತೀರ್ಮಾನ ಆಯ್ತಮ್ಮ. ಸ್ವಂತದ್ದೇ ಹಾಕ್ಸೋದು. ಈ ನಿನ್ನ ಕೋಣೆಯಲ್ಲೇ ಕೂರ್ಸೋದು."

"ಯಾರು ತೀರ್ಮಾನ ಮಾಡಿದ್ದು?"

"ನಾನೂ ಆಟ್ಲಿನೂ. ಅವನೇ ಅಂದ, ವರ್ನಾ ಇಲ್ಲಿ ಇರೋದಾದ್ರೆ ಸ್ವಂತದ್ದೇ ಸರಿ ಅಂತ. ನೀನು ಎಲ್ಲಿಗೆ ಹೋಗ್ತೀಯಾ? ಇಲ್ಲೇ ಇರ್ತೀಯಲ್ಲ!"

ಅಣ್ಣ ಹೇಳಿದ ಕೊನೆಯ ಮಾತು ಅವಳಿಗೆ ತಾಕಲೇ ಇಲ್ಲ. ಕಿವಿಯಲ್ಲಿ ನಿಂತದ್ದು ಒಂದೇ. *ಅವನೇ ಅಂದ.*

ಎಲ್ಲಿಗೂ ಹೋಗಿಲ್ಲ ಅಂತ ಅವಳ ಬಾಯಿಂದಲೇ ಕೇಳಿ, ಬೇಜಾರು ಪಟ್ಟವನ ಹಾಗೆ ಮುಖ ಮಾಡಿ, ಕೊನೆಗೆ ಅದನ್ನೇ ಲೆಕ್ಕ ಹಾಕಿ ಅಣ್ಣನ ಕೈಗೆ ಕೊಟ್ಟನಾ!

ಆಟ್ಲಿ ಬಣ್ಣದ ಕೋಣೆಯ ಹತ್ತಿರ ತಂತಿ ಸುತ್ತುತ್ತಿದ್ದ. ವರ್ನಾ ಬಿರುಗಾಳಿಯ ಹಾಗೆ ಬಂದಳು. ಬಣ್ಣ ಹಚ್ಚುತ್ತಿದ್ದವರ ಕೈ ಅಲ್ಲಲ್ಲೇ ನಿಂತಿತು.

"ಏನ್ರೀ, ನಾನೇನು ಯಂತ್ರದ ಬಿಡಿಭಾಗವಾ?"

"ವರ್ನಾ... ಏನಾಯ್ತು?"

"ಕುದುರೆಗೆ ಹುಲ್ಲು ಹಾಕೋರು ಬೇಕು, ಹುಲ್ಲು ಹಾಕೋಕೆ ವರ್ನಾ ಇದ್ದಾಳೆ! ಮದುವೆ ಇಲ್ಲ, ಮಕ್ಕಳಿಲ್ಲ, ಮೂಲೆಯಲ್ಲಿ ಬಿದ್ದಿರ್ತಾಳೆ! ಡಬ್ಬ ಒಂದು ಕಡೆ, ವರ್ನಾ ಇನ್ನೊಂದು ಕಡೆ! ಇದೇ ತಾನೇ ನಿಮ್ಮ ಲೆಕ್ಕ?"

ಅವನ ಮುಖ ಬಿಳಚಿಕೊಂಡಿತು. "ರೋಮನ್ ಹಂಗಂದ್ನಾ?"

"ಅಂದ. ಇಲ್ಲ ಅನ್ನಿ ನೋಡೋಣ!"

ಆಟ್ಲಿ ಅವಳ ಹಿಂದೆ ಬಾಗಿಲಲ್ಲಿ ಬಂದು ನಿಂತಿದ್ದ ರೋಮನ್‌ನನ್ನು ನೋಡಿದ. ಸುತ್ತ ನಿಂತ ಕೆಲಸದವರನ್ನು ನೋಡಿದ. ಬಾಯಿ ತೆರೆದ... ಮುಚ್ಚಿದ.

"ಮಾತಾಡ್ರೀ!"

ಅವನು ತಂತಿಯ ಸುರುಳಿ ಕೆಳಗಿಟ್ಟು ಟೋಪಿ ತೆಗೆದುಕೊಂಡು ಹೊರಟುಹೋದ.

*ಅಂದರೆ ನಿಜವೇ!* ಆ ಮೌನ ಅವಳ ಎದೆಯಲ್ಲಿ ಕೆಂಡದ ಹಾಗೆ ಕೂತಿತು.

ಬರೀ ಜಗಳವಾಗಿದ್ದರೆ ಒಂದು ವಾರಕ್ಕೆ ಆರುತ್ತಿತ್ತು. ಆದರೆ ಸಭೆಯೆಲ್ಲ ಸೇರಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಶರತ್ಕಾಲದ ಪ್ರಭು ಭೋಜನ ಹತ್ತಿರ ಬಂದಿತ್ತು. ಅದಕ್ಕೆ ಮುಂಚೆ ಒಮ್ಮತದ ಸಭೆ. ಅಲ್ಲಿ ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು, "ದೇವರ ಜೊತೆ, ಸಭೆಯ ಜೊತೆ, ಎಲ್ಲರ ಜೊತೆ ನನಗೆ ಶಾಂತಿಯಿದೆ" ಅಂತ. ಒಬ್ಬರು ಇಲ್ಲ ಅಂದರೂ ಭೋಜನ ನಿಲ್ಲುತ್ತೆ. ಭೋಜನ ಆಗದೆ ಶರತ್ಕಾಲದ ಮದುವೆಗಳನ್ನು ಸಭೆಯಲ್ಲಿ ಕೂಗಿ ಹೇಳುವ ಹಾಗಿಲ್ಲ, ಕೂಗದೆ ಮದುವೆಯಿಲ್ಲ!

ಆಮಿಶರಿಗೆ ಚರ್ಚ್ ಕಟ್ಟಡವಿಲ್ಲ; ಈ ಸಲದ ಸಭೆ ಟ್ರಾಯರ್ ಅವರ ದೊಡ್ಡ ಕೊಟ್ಟಿಗೆಯಲ್ಲಿ. ಬೆಂಚುಗಳ ಸಾಲು. ಬಿಷಪ್ಪರ ಸಹಾಯಕ ಡೀಕನ್ ಗಂಡಸರನ್ನೆಲ್ಲಾ ಕೇಳಿ ಮುಗಿಸಿ ಹೆಂಗಸರ ಕಡೆ ಬಂದರು. "ಶಾಂತಿಯಿದೆ." "ಶಾಂತಿಯಿದೆ." "ಶಾಂತಿಯಿದೆ." ಪಿಸುಮಾತಿನ ಅಲೆ ಹತ್ತಿರ ಹತ್ತಿರ ಬರುತ್ತಿತ್ತು.

ವರ್ನಾ ತನ್ನ ಬಿಳಿ ಏಪ್ರನ್ನಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. *ಹೇಳಿಬಿಡು ಹುಡುಗಿ. ಎರಡು ಮಾತು. ಯಾರಿಗೆ ಗೊತ್ತಾಗುತ್ತೆ?*

ದೇವರಿಗೆ ಗೊತ್ತಾಗುತ್ತೆ!

"ವರ್ನಾ?"

"ನನಗೆ ಶಾಂತಿಯಿಲ್ಲ."

ಡೀಕನ್ ಕಣ್ಣು ಪಿಳುಕಿಸಿದರು. "ಯಾರ ಮೇಲಮ್ಮಾ?"

"ಆಟ್ಲಿ ಶ್ಲಾಬಾಕ್ ಮೇಲೆ."

ಕೊಟ್ಟಿಗೆಯಲ್ಲಿ ಕುದುರೆ ಬಾಲ ಬೀಸಿದ ಸದ್ದೂ ಕೇಳಿಸಿತು. ಗಂಡಸರ ಕಡೆಯಿಂದ ಆಟ್ಲಿ ಅವಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಭೋಜನ ಮುಂದಕ್ಕೆ ಹೋಯಿತು. ಅಲ್ಲಿಂದ ಶುರುವಾಯಿತು ನೋಡಿ, ಹೆಂಗಸರ ದಂಡಯಾತ್ರೆ!

"ನನ್ನ ಮಗಳ ಮದುವೆಗೆ ಕೋಳಿ ಹೇಳಿ ಆಗಿದೆ ವರ್ನಾ! ತೋಟದಲ್ಲಿ ಮದುವೆ ಅಡುಗೆಗೆ ಅಂತ ಬೆಳೆಸಿದ ಸೆಲರಿ ಸೊಪ್ಪು ನಿಂತಿದೆ. ಹಿಮ ಬಿದ್ದು ಕೊಳೆತ್ರೆ ನೀನು ಬಂದು ಬೇಯಿಸ್ತೀಯಾ?" ಅಂದಳು ಫ್ಯಾನಿ ಟ್ರಾಯರ್.

"ನಿನಗೆ ಮದುವೆ ಆಗ್ಲಿಲ್ಲ ಅಂತ ಊರಿನವರದೆಲ್ಲಾ ನಿಲ್ಲಿಸ್ತೀಯಾ?" ಅಂದಳು ಇನ್ನೊಬ್ಬಳು.

"ಸುಳ್ಳು ಹೇಳಿ ಭೋಜನಕ್ಕೆ ಕೂರ್ಲಾ?" ವರ್ನಾ ಕಿರುಚಿದಳು. "ಬೇಕಿದ್ರೆ ಹೇಳಿ, ಕೂರ್ತೀನಿ. ಅದರ ಪಾಪ ನಿಮ್ಮ ಸೆಲರಿ ಮೇಲೆ!"

ಕೊನೆಗೆ ಬಿಷಪ್ ಮೆಲ್ವಿನ್ ಬಂದರು. ಬೈಯಲಿಲ್ಲ. ಕಾಫಿ ಕುಡಿದರು, ಎರಡನೇ ಲೋಟವನ್ನೂ ಕುಡಿದರು.

"ಸತ್ಯವೇದ ಏನು ಹೇಳುತ್ತೆ? ಸಹೋದರ ತಪ್ಪು ಮಾಡಿದ್ರೆ ಅವನ ಹತ್ರ ಹೋಗು, ನೀನೂ ಅವನೂ ಇಬ್ಬರೇ ಇದ್ದಾಗ ಹೇಳು ಅಂತ. ನೀನು ಮೊದಲು ಬಣ್ಣದ ಕೋಣೆಯಲ್ಲಿ ಹೇಳ್ದೆ, ಆಮೇಲೆ ಇಡೀ ಸಭೆಯಲ್ಲಿ ಹೇಳ್ದೆ. ಇಬ್ಬರೇ ಇದ್ದಾಗ ಹೇಳಿದ್ದು ಯಾವಾಗಮ್ಮಾ?"

ವರ್ನಾ ತಲೆ ತಗ್ಗಿಸಿದಳು.

ಮಾರನೇ ದಿನವೇ ಹೊರಟಳು. ಬಗ್ಗಿ ಗಾಡಿಗೆ ಕುದುರೆ ಹೂಡುವಾಗ ಪಟ್ಟಿಯನ್ನು ಎಷ್ಟು ಜೋರಾಗಿ ಎಳೆದಳೆಂದರೆ ಪಾಪದ ಪ್ರಾಣಿ ತಿರುಗಿ ನೋಡಿತು. "ನಿನ್ನ ಮೇಲಲ್ಲ ಕಣೋ," ಅಂದು ಅದರ ಕುತ್ತಿಗೆ ಸವರಿದಳು.

ಆಟ್ಲಿಯ ಶೆಡ್ಡು ಗುಡ್ಡದ ಆಚೆ. ಅವನು ಬಾಗಿಲಲ್ಲೇ ನಿಂತಿದ್ದ, ಬಗ್ಗಿಯ ಸದ್ದಿಗೆ.

"ಬಿಷಪ್ ಕಳಿಸಿದ್ರು ಅಂತ ಬಂದಿದೀನಿ. ಮಾಫಿ ಕೇಳೋಕೆ ಬಂದಿಲ್ಲ."

"ಗೊತ್ತು. ಒಳಗೆ ಬನ್ನಿ, ಚಳಿ ಇದೆ."

"ಬರಲ್ಲ! ನೀವು ರೋಮನ್‌ಗೆ ಏನಂದ್ರಿ, ಅದನ್ನ ಹೇಳಿ. ಒಂದಕ್ಷರ ಬಿಡದೆ."

ಆಟ್ಲಿ ಬಾಗಿಲ ಕಂಬಕ್ಕೆ ಒರಗಿ ನೆಲ ನೋಡಿದ. "ವರ್ನಾ ಇಲ್ಲೇ ಇರೋದಾದ್ರೆ ಸ್ವಂತದ್ದು ಹಾಕ್ಸಿ. ಅವಳು ಹೋಗೋ ಹಾಗಿದ್ರೆ ಬಾಡಿಗೆಗೆ ತಗೊಳ್ಳಿ, ಯಾಕಂದ್ರೆ ಅವಳಿಲ್ಲದೆ ಸ್ವಂತದ್ದು ಒಂದು ತಿಂಗಳೂ ನಡೆಯಲ್ಲ. ಮೊದಲು ಹೋಗಿ ಅವಳನ್ನ ಕೇಳಿ. ಆಮೇಲೆ ನನಗೆ ಹೇಳಿ... ಅಂದೆ."

ಗಾಳಿಗೆ ಅವಳ ಟೋಪಿಯ ದಾರ ಹಾರಿತು.

"ಕೇಳಿ ಅಂದ್ರಾ?"

"ಎರಡು ಸಲ ಅಂದೆ."

ರೋಮನ್! ಮಾತಿನ ತಲೆ ತಂದು ಬಾಲ ಬಿಟ್ಟು ಬಂದಿದ್ದ. ಅವನ ಪ್ರಕಾರ ಕೇಳುವುದೇನಿತ್ತು? ಗೋಡೆಯನ್ನು ಯಾರಾದರೂ ಕೇಳುತ್ತಾರಾ, ಇಲ್ಲೇ ನಿಂತಿರ್ತೀಯಾ ಅಂತ?

ಕಣ್ಣು ತುಂಬಿತು. ಮರುಕ್ಷಣ ಹೊಸದಾಗಿ ಸಿಟ್ಟು ಉಕ್ಕಿತು.

"ಅವತ್ತು ಬಣ್ಣದ ಕೋಣೆಯಲ್ಲಿ ಯಾಕೆ ಹೇಳ್ಲಿಲ್ಲ? ನಾಲಿಗೆ ಬಿದ್ದುಹೋಗಿತ್ತಾ?"

"ಹೇಳಿದ್ರೆ ನಿಮ್ಮ ಸಿಟ್ಟು ರೋಮನ್ ಮೇಲೆ ತಿರುಗ್ತಿತ್ತು. ಅಣ್ಣ ತಂಗಿ ಒಂದೇ ಮನೇಲಿ ಇರೋರು, ಅದೂ ಭೋಜನದ ಹೊತ್ತಲ್ಲಿ. ನಾನು ಹೊರಗಿನಿಂದ ಬಂದವನು. ನನ್ನ ಮೇಲಿದ್ರೆ ಯಾರ ಮನೆಯೂ ಒಡೆಯಲ್ಲ ಅಂದ್ಕೊಂಡೆ."

"ಓಹೋ! ದೊಡ್ಡ ತ್ಯಾಗಿ! ನಿಮ್ಮ ತ್ಯಾಗದಿಂದ ಊರಿನ ಮದುವೆಗಳೆಲ್ಲಾ ನಿಂತಿವೆ, ಗೊತ್ತಾ? ಫ್ಯಾನಿ ಟ್ರಾಯರ್ ನನ್ನನ್ನ ಸೆಲರಿ ಜೊತೆ ಕೊಚ್ಚಿ ಹಾಕೋಕೆ ಕಾಯ್ತಿದ್ದಾಳೆ!"

ಅವನಿಗೆ ನಗು ತಡೆಯಲಾಗಲಿಲ್ಲ. ಅವಳಿಗೂ ಬಂತು... ಹಲ್ಲು ಕಚ್ಚಿ ನುಂಗಿದಳು.

"ನಗಬೇಡಿ. ನನ್ನ ಸಿಟ್ಟು ಇನ್ನೂ ಮುಗಿದಿಲ್ಲ. ರೋಮನ್‌ನ ಯಾಕೆ ಕಳಿಸಿದ್ರಿ, ನನ್ನ ಕೇಳೋಕೆ? ದಿನಾ ನನ್ನೆದುರು ಕೂತು ಚೀಸ್ ತಿಂತಿದ್ರಲ್ಲ. ನೀವೇ ಕೇಳ್ಬಹುದಿತ್ತಲ್ಲ! ಇರ್ತೀಯಾ, ಹೋಗ್ತೀಯಾ ಅಂತ! ಅಣ್ಣನೂ ನೀವೂ ಸೇರಿ ನನ್ನ ಬದುಕು ತೂಗಿದ್ರಿ. ತಕ್ಕಡಿ ಹತ್ರ ನನ್ನನ್ನ ಯಾರೂ ಕರೀಲಿಲ್ಲ!"

ಆಟ್ಲಿಯ ನಗು ಆರಿತು.

"ಅದು ಸರಿ," ಅಂದ. "ಅಲ್ಲಿ ನಾನು ತಪ್ಪಿದೆ. ಧೈರ್ಯ ಇರಲಿಲ್ಲ."

"ನನ್ನ ಕೇಳೋಕೆ ಧೈರ್ಯ ಯಾಕೆ ಬೇಕು? ಇನ್ನೊಂದು ಸಲ ಒದೀತೀನಿ ಅಂತಾನಾ?"

"ಹೋಗ್ತೀನಿ ಅಂತ ನೀವು ಹೇಳ್ಬೇಕು ಅಂತ ಆಸೆ ಇತ್ತು, ಅದಕ್ಕೆ." ಅವನು ಈಗ ತಲೆಯೆತ್ತಿ ಅವಳನ್ನೇ ನೋಡಿದ. "ಆ ಕುರ್ಚಿ ಬಿಟ್ಟು ಬರ್ಲಿ, ಈ ಕಡೆ ಬರ್ಲಿ ಅಂತ ದಿನಾ ಅಂದ್ಕೊಳ್ಳೋನು ನಾನೇ ವರ್ನಾ. ಸಲಹೆ ಕೊಡೋಕೆ ಬಂದೋನು ನಾನು. ಬಾಡಿಗೇದು ಒಳ್ಳೇದು ಅಂತ ನಾನಂದ್ರೆ, ಅದು ಅಂಗಡಿಗೆ ಒಳ್ಳೇದು ಅಂತ ಅಂದಿದ್ದಾ, ನನಗೆ ಒಳ್ಳೇದು ಅಂತ ಅಂದಿದ್ದಾ... ನನಗೇ ಗೊತ್ತಾಗ್ಲಿಲ್ಲ. ಅದಕ್ಕೆ ಎರಡು ದಾರಿನೂ ಹೇಳಿ ಬಾಯಿ ಮುಚ್ಕೊಂಡೆ."

ವರ್ನಾಗೆ ಇಷ್ಟು ದಿನ ಕೈಯಲ್ಲಿ ಹಿಡಿದಿದ್ದ ಸಿಟ್ಟನ್ನು ಎಲ್ಲಿಡುವುದೋ ತಿಳಿಯಲಿಲ್ಲ.

"ಉತ್ತರ ಈಗ ಕೊಡಲ್ಲ," ಅಂದಳು, ಬಿಗಿಯಾಗಿ. "ಮೊದಲು ಇನ್ನೊಬ್ಬರ ಹತ್ರ ಜಗಳ ಬಾಕಿ ಇದೆ."

ಆ ಮಧ್ಯಾಹ್ನ ಊಟದ ಮೇಜಿನಲ್ಲಿ, ತಲೆ ತಗ್ಗಿಸಿ ಪ್ರಾರ್ಥನೆ ಮುಗಿದ ಕೂಡಲೇ ವರ್ನಾ ಚಮಚ ಕೆಳಗಿಟ್ಟಳು.

"ರೋಮನ್, ಬಾಡಿಗೇದು ತಗೋ."

"ಆಗಲೇ ಹೇಳಿದ್ನಲ್ಲ, ಸ್ವಂತದ್ದು..."

"ಸ್ವಂತದ್ದು ಅಂದ್ರೆ ನಾನು! ಊದೋಳು ನಾನು, ನಕಲು ತೆಗೆಯೋಳು ನಾನು, ಕೆಟ್ರೆ ಕಾಯೋಳು ನಾನು. ಆಟ್ಲಿ ನಿನಗೆ ನನ್ನ ಕೇಳು ಅಂದ. ಕೇಳಿದ್ಯಾ?"

ರೋಮನ್ ಆಲೂಗಡ್ಡೆ ನುಂಗಿದ. "ಕೇಳೋದೇನು... ನೀನು ಎಲ್ಲಿಗೆ..."

"ಕೆಂಟಕಿಗೆ! ಕ್ಲಾರಾ ಮನೆಗೆ. ಮಂಗಳವಾರದ ವ್ಯಾನಿಗೆ ಹೆಸರು ಕೊಟ್ಟು ಬಂದಿದೀನಿ. ಬಂದ್ಮೇಲೆ ಎಲ್ಲಿರ್ತೀನಿ ಅನ್ನೋದನ್ನೂ ನಾನೇ ಹೇಳ್ತೀನಿ."

"ನಮ್ಮ ಲೆಕ್ಕಾನೆಲ್ಲಾ ಯಾರದೋ ಮನೇಲಿ ಇಡೋದಾ?"

"ನಮ್ಮ ಮರ ಎಲ್ಲಿ ಒಣಗುತ್ತೆ? ಯೋಡರ್ ಒಣಗಿಸೋ ಗೂಡಲ್ಲಿ. ವರ್ಷದ ಮರ ಅಷ್ಟೂ ಅವನ ಕೈಗೆ ಕೊಟ್ಟು ನಿದ್ದೆ ಮಾಡ್ತೀಯಲ್ಲ!"

"ಲೈನ್ ಹೋದ ದಿನ?"

"ಅವತ್ತು ಪೆನ್ಸಿಲಲ್ಲಿ ಬರಿ. ಅಪ್ಪ ಹಾಗೇ ತಾನೇ ಮಾಡ್ತಿದ್ದಿದ್ದು."

ರೋಮನ್ ಹೆಂಡತಿ ಎಡ್ನಾ ಬ್ರೆಡ್ಡಿನ ತಟ್ಟೆಯನ್ನು ಗಂಡನ ಮುಂದೆ ಠಪ್ಪನೆ ಇಟ್ಟಳು. "ಅವಳು ಕೇಳ್ತಿಲ್ಲ ರೋಮನ್. ಹೇಳ್ತಿದ್ದಾಳೆ."

ರೋಮನ್ ತಂಗಿಯ ಮುಖ ನೋಡಿದ. ಬಹುಶಃ ಬಹಳ ವರ್ಷದ ಮೇಲೆ ಸರಿಯಾಗಿ ನೋಡಿದ್ದು. ಗಡ್ಡ ನೀವಲಿಲ್ಲ. "ನನ್ನದು ತಪ್ಪಾಯ್ತು ವರ್ನಾ," ಅಂದ, ಮೆಲ್ಲಗೆ. "ನೀನಿದ್ದೀಯ ಅಂತ ಧೈರ್ಯ ನನಗೆ. ಅದನ್ನೇ ಹಕ್ಕು ಅಂದ್ಕೊಂಡೆ."

ಅವಳು ಎದ್ದು ಅಡುಗೆಮನೆಗೆ ಹೋಗಿ, ಬಾಗಿಲ ಹಿಂದೆ ನಿಂತು ಚೆನ್ನಾಗಿ ಅತ್ತಳು.

ಭಾನುವಾರ ಮತ್ತೆ ಅದೇ ಬೆಂಚುಗಳು. ಫ್ಯಾನಿ ಟ್ರಾಯರ್ ಉಸಿರು ಬಿಗಿಹಿಡಿದು ಕೂತಿದ್ದಳು. ಡೀಕನ್ ವರ್ನಾ ಮುಂದೆ ಬಂದು ನಿಂತರು.

"ಶಾಂತಿಯಿದೆ," ಅಂದಳು ವರ್ನಾ. ಅದು ನಿಜವಾಗಿತ್ತು.

ಸಭೆ ಮುಗಿದ ಮೇಲೆ ಗಂಡಸರು ಕುದುರೆ ಹೂಡುತ್ತಿದ್ದರು. ಆಟ್ಲಿ ತನ್ನ ಬಗ್ಗಿಯ ಹತ್ತಿರ ಬೇಕೆಂದೇ ತಡ ಮಾಡುತ್ತಿದ್ದ. ವರ್ನಾ ಯಾರು ನೋಡಿದರೂ ನೋಡಲಿ ಅಂತ ನೇರ ಅಲ್ಲಿಗೇ ಹೋದಳು.

"ಒಂದು ಮಾತು ಹೇಳ್ಬೇಕು. ರೋಮನ್ ಹಂಗಂದಾಗ ನನಗೆ ಅವನ ಮೇಲೆ ಸಿಟ್ಟು ಬರ್ಲಿಲ್ಲ. ಅವನು ಅನ್ನೋದು, ನಾನು ಕೇಳೋದು ಅಭ್ಯಾಸ. ನೀನು ಅಂದೆ ಅಂತ ಕೇಳಿದಾಗ ಮಾತ್ರ... ಎದೆ ಒಡೆದುಹೋಯ್ತು ಆಟ್ಲಿ. ಯಾಕೆ ಅಂತ ಆಮೇಲೆ ಗೊತ್ತಾಯ್ತು."

ಅವನ ಕೈಯಲ್ಲಿದ್ದ ಲಗಾಮು ಜಾರಿತು. "ಯಾಕೆ?"

"ಎಲ್ಲಾ ನಾನೇ ಹೇಳ್ಬೇಕಾ? ನೀನು ಕೇಳ್ಬಾರದಾ?"

ಅವನು ಒಂದು ಹೆಜ್ಜೆ ಹತ್ತಿರ ಬಂದ. "ನನ್ನ ಮದುವೆ ಆಗ್ತೀಯಾ ವರ್ನಾ?"

"ನನಗೆ ಸಿಟ್ಟು ಜಾಸ್ತಿ."

"ನೋಡಿದೀನಿ. ಇಡೀ ಸಭೆಯೇ ನೋಡಿದೆ."

"ಕೆಂಟಕಿಗೆ ಹೋಗ್ತಿದೀನಿ. ಎಷ್ಟು ದಿನ ಇರ್ತೀನೋ ಗೊತ್ತಿಲ್ಲ."

"ಇರು. ಮಕ್ಕಳನ್ನ ಎತ್ತಾಡ್ಸು. ನಾನು ಅವಸರ ಮಾಡಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಹಿಡಿದಿಟ್ಟುಕೊಳ್ಳುವ ಆತುರ ಅಲ್ಲಿ ಎಳ್ಳಷ್ಟೂ ಇರಲಿಲ್ಲ. ಅವಳ ಕಣ್ಣು ಮಂಜಾಯಿತು.

"ಹಂಗಾದ್ರೆ ಬೇಗ ಬರ್ತೀನಿ," ಅಂದಳು. "ಬಂದು, ಹೂಂ ಅಂತೀನಿ."

"ಈಗಲೇ ಅಂದ್ಬಿಟ್ಟೆ ಅಲ್ವಾ?"

"ಅಂದೆ ಕಣೋ! ಈಗೇನು, ಅದಕ್ಕೂ ನಗ್ತೀಯಾ?"